ತಂಡದ ಮೂರನೆಯ ಗೋಲ್‌ಕೀಪರ್

ಮಗಳು ಕಾಲೇಜಿನ ಐಸ್ ಹಾಕಿ ತಂಡ ಸೇರುತ್ತಿದ್ದಾಳೆ ಎಂಬ ಸುದ್ದಿ ಹರಡಿದಾಗ ಇಲ್ಲಿನ ಕನ್ನಡ ಬಳಗದಲ್ಲಿ ಎಲ್ಲರೂ ಮೊದಲು ಕೇಳಿದ್ದು, "ಸ್ಕಾಲರ್‌ಶಿಪ್ ಎಷ್ಟು ಸಿಕ್ಕಿತು?" ಎಂದು. ಸಾಗರದಿಂದ ಫೋನ್ ಮಾಡಿದ ಅಣ್ಣನೂ ಅದನ್ನೇ ಕೇಳಿದ. ಆಟದ ಲೆಕ್ಕದಲ್ಲಿ ಒಂದು ಡಾಲರೂ ಇಲ್ಲ ಎಂದರೆ ಮುಂದಿನ ಪ್ರಶ್ನೆ, "ಹಾಗಾದರೆ ಪಂದ್ಯದಲ್ಲಾದರೂ ಆಡುತ್ತಾಳೆ ತಾನೆ?" ಮೊದಲ ವರ್ಷ ಬಹುಶಃ ಇಲ್ಲ ಎಂದಾಗ ಕೇಳಿದವರಿಗೆ ಮುಂದೇನು ಹೇಳಬೇಕೆಂದು ತೋಚುತ್ತಿರಲಿಲ್ಲ. ಹಣವೂ ಇಲ್ಲ, ಆಟವೂ ಇಲ್ಲ ಎಂದ ಮೇಲೆ ಆಯ್ಕೆಯಾಗಿ ಬಂದ ಭಾಗ್ಯವೇನು? ಅದಕ್ಕೆ ನನ್ನಲ್ಲಿ ಉತ್ತರವಿದೆ, ಆದರೆ ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅಮೆರಿಕದ ರಿಂಕುಗಳಲ್ಲಿ, ಎಂದರೆ ಐಸಿನ ಅಂಗಳಗಳಲ್ಲಿ, ಈಗ ನಮ್ಮ ಮಕ್ಕಳೂ ಅಲ್ಲೊಬ್ಬರು ಇಲ್ಲೊಬ್ಬರು ಕಾಣಿಸುತ್ತಿದ್ದಾರೆ. ಅವರ ತಂದೆ ತಾಯಿಯರ ಕೈಗಾದರೂ ಇದು ಸಿಗಲಿ ಎಂದು ಬರೆಯುತ್ತಿದ್ದೇನೆ.

ನಾವಿರುವುದು ಮಿನ್ನೆಸೋಟದಲ್ಲಿ, ಮಿನಿಯಾಪೊಲಿಸ್‌ನ ಹೊರವಲಯದಲ್ಲಿ. ಚಳಿಗಾಲ ಬಂತೆಂದರೆ ಉದ್ಯಾನದ ಬಯಲಿಗೆ ನೀರು ಹಾಯಿಸಿ, ಅದು ಹೆಪ್ಪುಗಟ್ಟಿದ ಮೇಲೆ ಮಕ್ಕಳನ್ನು ಅದರ ಮೇಲೆ ಬಿಡುವ ಊರುಗಳು ಇವು. ಹೆಣ್ಣುಮಕ್ಕಳ ಐಸ್ ಹಾಕಿಯನ್ನು ಹೈಸ್ಕೂಲಿನ ಅಧಿಕೃತ ಆಟವೆಂದು ಅಮೆರಿಕದಲ್ಲೇ ಮೊದಲು ಒಪ್ಪಿಕೊಂಡ ರಾಜ್ಯವೂ ಇದೇ, 1994ರಲ್ಲಿ. ಊರಿನ ಹಾಕಿ ಸಂಘದಲ್ಲಿ ಎಂಟು ವರ್ಷದೊಳಗಿನ ಮಕ್ಕಳಿಗೆಲ್ಲ ಗೋಲ್ ಕಾಯುವ ಸರದಿ ಬರುತ್ತದೆ. ಸಂಘದ್ದೇ ಪ್ಯಾಡುಗಳನ್ನು ಕಟ್ಟಿ ನಿಲ್ಲಿಸುತ್ತಾರೆ. ಉಳಿದ ಮಕ್ಕಳು ಸರದಿ ಮುಗಿದರೆ ಸಾಕೆಂದು ಕಾಯುತ್ತಿದ್ದರೆ ನಮ್ಮವಳು ಪ್ಯಾಡ್ ಬಿಚ್ಚಿಕೊಡಲು ಒಪ್ಪಲಿಲ್ಲ. 2018ರ ಫೆಬ್ರುವರಿಯಲ್ಲಿ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಮಹಿಳಾ ಐಸ್ ಹಾಕಿ ಫೈನಲ್ ಶೂಟೌಟ್‌ವರೆಗೆ ಹೋಯಿತು. ಕೆನಡಾದ ಕೊನೆಯ ಹೊಡೆತವನ್ನು ತಡೆದು ಅಮೆರಿಕಕ್ಕೆ ಚಿನ್ನ ತಂದ ಮ್ಯಾಡಿ ರೂನಿ ನಮ್ಮದೇ ರಾಜ್ಯದ ಆಂಡೋವರ್‌ ಊರಿನ ಹುಡುಗಿ. ಇಲ್ಲಿ ಆಗ ನಡುರಾತ್ರಿ ದಾಟಿತ್ತು. ಮರುದಿನ ಶಾಲೆಯಿದ್ದರೂ ಮಗಳನ್ನು ಟಿವಿಯ ಮುಂದಿನಿಂದ ಏಳಿಸಲು ನನಗೆ ಮನಸ್ಸಾಗಲಿಲ್ಲ. ಆಮೇಲೆ ಬೇರೆ ಸ್ಥಾನದಲ್ಲಿ ಆಡುವ ಮಾತನ್ನೇ ಅವಳು ಎತ್ತಲಿಲ್ಲ.

ಗೋಲ್‌ಕೀಪರ್ ಇರುವ ಮನೆಯ ನೆಲಮಾಳಿಗೆಯೇ ಬೇರೆ. ಹೀಟಿಂಗ್ ಯಂತ್ರದ ಪಕ್ಕದಲ್ಲಿ ಒಂದು ಮರದ ಗೂಟ ಹೊಡೆದುಕೊಂಡೆವು. ಕಾಲಿನ ಪ್ಯಾಡ್ ಎರಡೂ ಗೋಡೆಗೆ ಒರಗಬೇಕು, ಒಳಮೈ ಹೊರಗೆ ಕಾಣುವಂತೆ. ಎದೆಕವಚವನ್ನು ಗೂಟಕ್ಕೆ ತೊಡಿಸಬೇಕು. ಪಕ್ (ಚೆಂಡಿನ ಬದಲು ಬಳಸುವ ಬಿಲ್ಲೆ) ಹಿಡಿಯುವ ಕೈಗವಸನ್ನು ಬಾಯಿ ತೆರೆದಿಟ್ಟು, ಒಳಗಿನ ಬೆರಳುಗಳು ಒಂದಕ್ಕೊಂದು ಅಂಟದ ಹಾಗೆ ಬಿಡಿಸಿ ಒಣಗಿಸಬೇಕು. ಇಲ್ಲವಾದರೆ ಬೆವರು ಕುಳಿತ ಚರ್ಮ ಬಿರುಸಾಗಿ, ಮರುದಿನ ಕೈಗವಸು ಮುಚ್ಚುವುದೇ ಇಲ್ಲ. ಆರು ಔನ್ಸ್, ಎಂದರೆ ಸುಮಾರು 170 ಗ್ರಾಂ ತೂಕದ ರಬ್ಬರಿನ ಬಿಲ್ಲೆ, ಪುಟಿಯದಿರಲೆಂದು ಮೊದಲೇ ಶೈತ್ಯದಲ್ಲಿಟ್ಟು ಗಟ್ಟಿ ಮಾಡಿದ್ದು, ಅದನ್ನು ಹಿಡಿಯುವಾಗ ಮುಚ್ಚದ ಕೈಗವಸು ಎಂದರೆ ಗೋಲ್ ಬಿಟ್ಟುಕೊಟ್ಟಂತೆಯೇ. ಈ ಕೆಲಸವನ್ನು ಹನ್ನೆರಡರ ವಯಸ್ಸಿನಿಂದ ಅವಳೇ ಮಾಡಿಕೊಂಡಳು. ಕಾಲೇಜಿನ ಕೋಚ್‌ಗಳು ನೋಡುವುದು ಹೊಡೆತ ತಡೆಯುವ ಚುರುಕನ್ನು ಎಂದುಕೊಂಡಿದ್ದೆ. ಅವರು ಇಂಥದ್ದನ್ನೂ ಕೇಳುತ್ತಾರೆ: ಸಾಮಾನು ಯಾರು ಜೋಡಿಸುತ್ತಾರೆ, ಇಮೇಲ್ ಯಾರು ಬರೆಯುತ್ತಾರೆ, ಬೆಳಿಗ್ಗೆ ಯಾರು ಎಬ್ಬಿಸುತ್ತಾರೆ ಎಂದು.

ಕಾಲೇಜು ಕ್ರೀಡೆಯ ವ್ಯವಸ್ಥೆಯ ಬಗ್ಗೆ ಇಷ್ಟು ತಿಳಿದಿರಬೇಕು. ಎನ್‌ಸಿಎಎ ಎಂಬ ಸಂಸ್ಥೆಯ ಕೆಳಗೆ ಡಿವಿಷನ್ 1ರ ದೊಡ್ಡ ತಂಡಗಳಿವೆ. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಉಂಟು. ಮಹಿಳಾ ತಂಡವೊಂದಕ್ಕೆ 18 ಸ್ಕಾಲರ್‌ಶಿಪ್ ಎಂಬ ಮಿತಿ ಬಹಳ ಕಾಲ ಇತ್ತು. 2025ರಲ್ಲಿ ನ್ಯಾಯಾಲಯದ ಒಪ್ಪಂದವೊಂದು ಜಾರಿಯಾದ ಮೇಲೆ ಅದನ್ನು ಒಪ್ಪಿಕೊಂಡ ಕಾಲೇಜುಗಳಲ್ಲಿ ಆ ಮಿತಿ ಹೋಗಿ, ತಂಡದಲ್ಲಿ 26 ಜನರಿಗಿಂತ ಹೆಚ್ಚಿರಬಾರದು ಎಂಬ ಮಿತಿ ಬಂದಿದೆ. ಹಾರ್ವರ್ಡ್, ಕಾರ್ನೆಲ್, ಪ್ರಿನ್ಸ್‌ಟನ್ ಮೊದಲಾದ ಐವಿ ಲೀಗ್ ಕಾಲೇಜುಗಳು ಡಿವಿಷನ್ 1ರಲ್ಲೇ ಇದ್ದರೂ ಆಟಕ್ಕೆಂದು ಹಣ ಕೊಡುವುದಿಲ್ಲ. ಡಿವಿಷನ್ 3ರಲ್ಲಂತೂ ಯಾವ ಕಾಲೇಜೂ ಆಟದ ಹೆಸರಿನಲ್ಲಿ ಹಣ ಕೊಡುವಂತಿಲ್ಲ. ಅಲ್ಲಿಗೆ ಹೋಗುವವರು ಮೊದಲು ವಿದ್ಯಾರ್ಥಿಗಳಾಗಿ ಹೋಗುತ್ತಾರೆ. ಹಾಗೆಂದು ಆಟ ಕಡಿಮೆಯದೇನಲ್ಲ. 2022ರಲ್ಲಿ ಮಿಡಲ್‌ಬರಿ ಕಾಲೇಜಿನ ಹುಡುಗಿಯರು ಆಡಿದ 27 ಪಂದ್ಯಗಳನ್ನೂ ಗೆದ್ದು ಡಿವಿಷನ್ 3ರ ಪ್ರಶಸ್ತಿ ಪಡೆದರು. ಮರುವರ್ಷ ನಮ್ಮದೇ ರಾಜ್ಯದ ಗಸ್ಟೇವಸ್ ಅಡಾಲ್ಫಸ್ ಕಾಲೇಜು ಗೆದ್ದಾಗ ನಮ್ಮ ರಿಂಕಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು.

ಮಗಳು ಎಲ್ಲಿ ನಿಲ್ಲಬಲ್ಲಳು ಎಂಬುದು ಅವಳಿಗೇ ಸ್ಪಷ್ಟವಿತ್ತು. ಮಹಿಳಾ ಐಸ್ ಹಾಕಿಯಲ್ಲಿ ಡಿವಿಷನ್ 1ರ ಕೋಚ್‌ಗಳು ಹತ್ತನೆಯ ತರಗತಿ ಮುಗಿದ ಬಳಿಕ ಜೂನ್ 15ರಿಂದ ಆಟಗಾರ್ತಿಯರೊಂದಿಗೆ ನೇರವಾಗಿ ಮಾತನಾಡಬಹುದು. ಆ ದಿನ ಅವಳ ಜೊತೆಗಾರ್ತಿಯೊಬ್ಬಳ ಫೋನ್ ಬೆಳಿಗ್ಗೆಯಿಂದಲೇ ಬಡಿದುಕೊಳ್ಳತೊಡಗಿತು. ನಮ್ಮ ಮನೆಯ ಫೋನ್ ಸುಮ್ಮನಿತ್ತು. ಸಂಜೆ ಅವಳೇ ಬಂದು, "ಅಮ್ಮ, ನಾನು ಓದಿನ ಕಡೆಯಿಂದ ಕಾಲೇಜು ಹುಡುಕುತ್ತೇನೆ, ಅಲ್ಲಿ ಹಾಕಿ ಇದೆಯೇ ಎಂದು ಆಮೇಲೆ ನೋಡುತ್ತೇನೆ" ಎಂದಳು. ಅವಳಿಗೆ ಬೇಕಿದ್ದುದು ಭೂವಿಜ್ಞಾನ. ಒಳ್ಳೆಯ ಭೂವಿಜ್ಞಾನ ವಿಭಾಗವಿರುವ ಸಣ್ಣ ಕಾಲೇಜುಗಳು ನ್ಯೂ ಇಂಗ್ಲೆಂಡಿನಲ್ಲಿ ಹಲವು ಇವೆ. ಅವುಗಳಲ್ಲಿ ಬಹುಪಾಲು ಡಿವಿಷನ್ 3ರ ನೆಸ್ಕ್ಯಾಕ್ ಎಂಬ ಒಕ್ಕೂಟದಲ್ಲಿ ಆಡುತ್ತವೆ. ಪಟ್ಟಿ ಅಲ್ಲಿಂದ ಶುರುವಾಯಿತು.

ಇಲ್ಲಿಂದ ಮುಂದೆ ಗೋಲ್‌ಕೀಪರ್‌ನ ದಾರಿ ಉಳಿದವರ ದಾರಿಯಿಂದ ಬೇರೆಯಾಗುತ್ತದೆ. ಮುನ್ನಡೆಯಲ್ಲಿ ಆಡುವ ಹುಡುಗಿಯರು ಒಂದು ತಂಡದಲ್ಲಿ ಹತ್ತು ಹನ್ನೆರಡು ಮಂದಿ ಇರುತ್ತಾರೆ, ರಕ್ಷಣೆಯಲ್ಲಿ ಏಳೆಂಟು ಮಂದಿ. ಹೊಸಬರಿಗೆ ಪ್ರತಿ ವರ್ಷವೂ ಜಾಗ ಇರುತ್ತದೆ. ಗೋಲ್‌ಕೀಪರ್‌ಗಳು ಮಾತ್ರ ಸಾಮಾನ್ಯವಾಗಿ ಮೂವರು. ಆಡುವವಳು ಒಬ್ಬಳು, ಬೆಂಚಿನಲ್ಲಿ ಸಿದ್ಧವಾಗಿ ಕೂರುವವಳು ಒಬ್ಬಳು, ಮೂರನೆಯವಳು ಬಹಳ ಸಲ ಪಂದ್ಯದ ದಿನ ಕವಚ ಕೂಡ ತೊಡುವುದಿಲ್ಲ. ಕಾಲೇಜು ನಾಲ್ಕು ವರ್ಷ. ಹಾಗಾಗಿ ಒಂದು ತಂಡಕ್ಕೆ ಕೆಲವು ವರ್ಷ ಹೊಸ ಗೋಲ್‌ಕೀಪರ್ ಬೇಕೇ ಆಗುವುದಿಲ್ಲ. ನೀವು ಎಷ್ಟೇ ಚೆನ್ನಾಗಿ ಆಡಿ, ನೀವು ಹೈಸ್ಕೂಲು ಮುಗಿಸುವ ವರ್ಷಕ್ಕೂ ಅಲ್ಲಿ ಒಬ್ಬಳು ಕಾಲೇಜು ಮುಗಿಸುವ ವರ್ಷಕ್ಕೂ ಹೊಂದಿಕೆಯಾಗಬೇಕು. ಮಗಳು ಒಂದು ಭಾನುವಾರ ಕುಳಿತು, ಪ್ರತಿ ಕಾಲೇಜಿನ ತಂಡದ ಪಟ್ಟಿ ತೆಗೆದು, ಯಾವ ಗೋಲ್‌ಕೀಪರ್ ಯಾವ ವರ್ಷ ಹೊರಗೆ ಹೋಗುತ್ತಾಳೆ ಎಂದು ಕೋಷ್ಟಕ ಮಾಡಿದಳು. ಉದ್ದ ಪಟ್ಟಿ ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. ಬೇರೆ ಯಾರಾದರೂ ಹೇಳಿದ್ದರೆ ಅದು ನಿರಾಸೆಯ ಮಾತಾಗುತ್ತಿತ್ತು. ಅವಳೇ ಲೆಕ್ಕ ಹಾಕಿದ್ದರಿಂದ ಅದು ಬರೀ ಲೆಕ್ಕವಾಗಿಯೇ ಉಳಿಯಿತು. ಗೋಲ್‌ಕೀಪರ್ ಮಕ್ಕಳಿರುವ ಎಲ್ಲ ಮನೆಯವರಿಗೂ ನಾನು ಮೊದಲು ಹೇಳುವುದು ಈ ಕೋಷ್ಟಕದ ಬಗ್ಗೆಯೇ.

ಡಿವಿಷನ್ 3ರ ಕೋಚ್‌ಗಳಿಗೆ ಇಮೇಲ್ ಬರೆಯಲು ಕಾಯಬೇಕಾದ ದಿನಾಂಕವಿಲ್ಲ. ಅವಳು ಬರೆದದ್ದು ಚಿಕ್ಕ ಪತ್ರ: ಹೆಸರು, ಹೈಸ್ಕೂಲು ಮುಗಿಸುವ ವರ್ಷ, ಎತ್ತರ, ಯಾವ ಕೈಯಲ್ಲಿ ಪಕ್ ಹಿಡಿಯುತ್ತಾಳೆ, ಅಂಕಗಳು, ಓದಬೇಕೆಂದಿರುವ ವಿಷಯ, ಮುಂದಿನ ಪಂದ್ಯಗಳ ವೇಳಾಪಟ್ಟಿ, ಈಗಿನ ಕೋಚ್‌ರ ಫೋನ್ ಸಂಖ್ಯೆ, ಒಂದು ವಿಡಿಯೊ. ವಿಡಿಯೊ ವಿಷಯದಲ್ಲಿ ಅವಳ ಗೋಲ್‌ಕೀಪಿಂಗ್ ಗುರು ಕೊಟ್ಟ ಸಲಹೆ ಬಹಳ ಉಪಯೋಗಕ್ಕೆ ಬಂತು. ತಡೆದ ಹೊಡೆತಗಳನ್ನಷ್ಟೇ ಕತ್ತರಿಸಿ ಜೋಡಿಸಬೇಡ, ಹೋದ ಗೋಲುಗಳನ್ನೂ ಇಡು, ಗೋಲ್ ಹೋದ ಮೇಲಿನ ಒಂದು ನಿಮಿಷವನ್ನೂ ಇಡು ಎಂದರು. ಕೋಚ್‌ಗಳು ನೋಡುವುದು ಆ ಒಂದು ನಿಮಿಷವನ್ನು. ಹುಡುಗಿ ಬಲೆಯ ಕಡೆ ತಿರುಗಿ ಕೋಲು ಬಡಿಯುತ್ತಾಳೋ, ನೀರು ಕುಡಿದು ಮತ್ತೆ ಬಲೆಯ ಮುಂದೆ ನೀಲಿ ಬಣ್ಣ ಬಳಿದ ತನ್ನ ಜಾಗಕ್ಕೆ ಬಂದು ನಿಲ್ಲುತ್ತಾಳೋ ಎಂದು.

ಹೆಚ್ಚಿನ ಪತ್ರಗಳಿಗೆ ಬಂದದ್ದು ಪ್ರಶ್ನಾವಳಿ ತುಂಬಿ ಕಳಿಸಿ ಎಂಬ ಸಿದ್ಧ ಉತ್ತರ. ಕೆಲವಕ್ಕೆ ಏನೂ ಬರಲಿಲ್ಲ. ಒಬ್ಬ ಕೋಚ್ ಮಾತ್ರ ಅದೇ ವಾರ ಕೈಯಾರೆ ಬರೆದರು: "ನಿನ್ನ ವರ್ಷಕ್ಕೆ ನನಗೆ ಒಬ್ಬ ಗೋಲ್‌ಕೀಪರ್ ಬೇಕು. ಇನ್ನೂ ನಾಲ್ವರನ್ನು ನೋಡುತ್ತಿದ್ದೇನೆ. ಬೇಸಿಗೆಯ ಶಿಬಿರಕ್ಕೆ ಬಾ." ಇಷ್ಟು ನೇರವಾಗಿ ಮಾತನಾಡುವವರನ್ನು ನಾನು ಆ ವರ್ಷ ಕಂಡದ್ದು ಕಡಿಮೆ. ಆ ಕಾಲೇಜಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಮಗಳು ಇನ್ನೂ ಅಲ್ಲಿ ಓದುತ್ತಿದ್ದಾಳೆ.

ಭೇಟಿಗೆ ಹೋದಾಗ ಕೋಚ್ ನಮ್ಮನ್ನು ತಮ್ಮ ಕೋಣೆಯಲ್ಲಿ ಕೂರಿಸಿಕೊಂಡು ಹೇಳಿದ ಮಾತು ಹೀಗಿತ್ತು: "ಮೊದಲ ವರ್ಷ ನೀನು ಮೂರನೆಯವಳು. ಎರಡನೆಯ ವರ್ಷ ಏನಾಗುತ್ತದೆಂದು ನಾನು ಮಾತು ಕೊಡುವುದಿಲ್ಲ. ಆದರೆ ವಾರದ ಪ್ರತಿ ಅಭ್ಯಾಸದಲ್ಲೂ ನೀನು ನನಗೆ ಬೇಕು. ಅದು ಸಾಲದು ಎನ್ನಿಸಿದರೆ ಈಗಲೇ ಹೇಳು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ." ನನ್ನ ಗಂಡನಿಗೆ ಮುಖ ಸಪ್ಪಗಾಯಿತು. ಮಗಳು ಕೇಳಿದ್ದು ಒಂದೇ: ಗೋಲ್‌ಕೀಪರ್‌ಗಳಿಗೆ ಬೇರೆ ಕೋಚ್ ಇದ್ದಾರೆಯೇ, ವಾರಕ್ಕೆ ಎಷ್ಟು ದಿನ ಬರುತ್ತಾರೆ? ಅವಳಿಗೆ ಬೇಕಾದ ಉತ್ತರ ಸಿಕ್ಕಿತು. ನಾನು ಕೇಳಿದ್ದು ರ‍್ಯಾಗಿಂಗ್ ಬಗ್ಗೆ. ಹೊಸಬರಿಂದ ಏನೇನು ಮಾಡಿಸುತ್ತಾರೆ ಎಂದು ನೇರವಾಗಿಯೇ ಕೇಳಿದೆ. ಪಕ್ ತುಂಬಿದ ಬಕೆಟ್ ಹೊರುವುದು, ನೀರಿನ ಬಾಟಲಿ ತುಂಬುವುದು, ಬಸ್ಸಿಗೆ ಸಾಮಾನು ಏರಿಸುವುದು, ಇಷ್ಟು ಮಾತ್ರ, ಅದರಲ್ಲೂ ಹಿರಿಯರು ಕೈಜೋಡಿಸಬೇಕು ಎಂಬ ಕಟ್ಟಳೆ ಇದೆ ಎಂದರು. ಆಮೇಲೆ ತಂಡದ ಹುಡುಗಿಯರ ಬಳಿ ಮಗಳೊಬ್ಬಳನ್ನೇ ಬಿಟ್ಟು ನಾವು ಹೊರಗೆ ಹೋದೆವು. ಕೋಚ್ ಹೇಳಿದ್ದು ನಿಜವೋ ಅಲ್ಲವೋ ಎಂಬುದು ಆ ಹುಡುಗಿಯರ ನಡುವೆ ಅರ್ಧ ಗಂಟೆ ಕುಳಿತರೆ ತಿಳಿಯುತ್ತದೆ. ಈ ವಿಷಯ ಕೇಳಲು ಯಾರೂ ಸಂಕೋಚ ಪಡಬಾರದು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರವೇ ಕ್ಯಾಂಪಸ್ಸುಗಳ ಇಂಥ ಕಿರುಕುಳದ ಪ್ರಕರಣಗಳನ್ನು ಕಾಲೇಜುಗಳು ಬಹಿರಂಗಪಡಿಸಬೇಕು ಎಂಬ ಕಾನೂನು ತಂದಿದೆ.

ಅಂದು ರಾತ್ರಿ ಅಣ್ಣನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವನಿಗೆ ಐಸ್ ಹಾಕಿಯ ಗಂಧವಿಲ್ಲ, ಯಕ್ಷಗಾನದ ಹುಚ್ಚು. ಸ್ವಲ್ಪ ಹೊತ್ತು ಯೋಚಿಸಿ, "ಮೇಳಕ್ಕೆ ಸೇರಿದ ಹುಡುಗ ಮೊದಲು ಕೋಡಂಗಿ, ಬಾಲಗೋಪಾಲ ವೇಷ ಮಾಡಿಕೊಂಡೇ ಬರಬೇಕಲ್ಲವೇ ತಂಗಿ? ನಡುರಾತ್ರಿಯ ವೇಷ ಮೊದಲ ವರ್ಷವೇ ಯಾರಿಗೆ ಕೊಡುತ್ತಾರೆ?" ಎಂದ. ಇಷ್ಟು ಜನರಿಗೆ ವಿವರಿಸಿದ್ದರಲ್ಲಿ ಒಂದೇ ಸಲಕ್ಕೆ ಅರ್ಥ ಮಾಡಿಕೊಂಡವನು ಅವನೊಬ್ಬನೇ.

ಇನ್ನು ಕಾಗದಪತ್ರದ ವಿಷಯ. ಹನ್ನೊಂದನೆಯ ತರಗತಿ ಮುಗಿದ ಬೇಸಿಗೆ, ಜುಲೈನಲ್ಲಿ, ಕೋಚ್ ಅವಳ ಮೂರು ವರ್ಷದ ಅಂಕಪಟ್ಟಿ, ಹನ್ನೆರಡನೆಯ ತರಗತಿಯಲ್ಲಿ ತೆಗೆದುಕೊಳ್ಳುವ ವಿಷಯಗಳ ಪಟ್ಟಿ ಎಲ್ಲವನ್ನೂ ತರಿಸಿಕೊಂಡು ಪ್ರವೇಶ ವಿಭಾಗಕ್ಕೆ ಕೊಟ್ಟರು. ಅವರು ಮುಂಚಿತವಾಗಿ ಓದಿ, ಈ ಹುಡುಗಿ ಅರ್ಜಿ ಹಾಕಬಹುದು ಅಥವಾ ಬೇಡ ಎಂಬ ಸೂಚನೆ ಕೊಡುತ್ತಾರೆ. ಅದು ಪ್ರವೇಶದ ಭರವಸೆಯಲ್ಲ. ಸೂಚನೆ ಅನುಕೂಲವಾಗಿದ್ದರೆ ಕೋಚ್ ತಮ್ಮ ಬೆಂಬಲ ನೀಡುತ್ತಾರೆ. ಅದಕ್ಕೆ ಪ್ರತಿಯಾಗಿ ನೀವು ನವೆಂಬರ್ ನಡುವಿನ ಮೊದಲ ಸುತ್ತಿನಲ್ಲೇ, ಸಿಕ್ಕರೆ ಬಂದೇ ಬರುತ್ತೇನೆ ಎಂಬ ಬದ್ಧತೆಯೊಂದಿಗೆ ಅರ್ಜಿ ಹಾಕಬೇಕು. ಡಿವಿಷನ್ 1ರಲ್ಲಿ ಆಗ ಆಟಗಾರ್ತಿಯೂ ಕಾಲೇಜೂ ಸಹಿ ಹಾಕುವ ಒಪ್ಪಂದದ ಪತ್ರವೊಂದಿತ್ತು, 2024ರ ಅಕ್ಟೋಬರ್‌ನಲ್ಲಿ ಅದನ್ನೂ ತೆಗೆದುಹಾಕಿದರು. ಡಿವಿಷನ್ 3ರಲ್ಲಿ ಅಂಥದ್ದು ಇರಲೇ ಇಲ್ಲ. ಇಲ್ಲಿ ನಡೆಯುವುದೆಲ್ಲ ಮಾತಿನ ಮೇಲೆ.

ಆದ್ದರಿಂದ ಹಣದ ಮಾತು ಅರ್ಜಿಗೆ ಮೊದಲೇ ಆಗಬೇಕು. ಆ ವರ್ಷ ಇಂಥ ಖಾಸಗಿ ಕಾಲೇಜುಗಳಲ್ಲಿ ಶುಲ್ಕ, ವಸತಿ, ಊಟ ಸೇರಿ ವರ್ಷದ ಖರ್ಚು 80,000 ಡಾಲರ್ ದಾಟಿತ್ತು. ನೆಸ್ಕ್ಯಾಕ್‌ನ ಕಾಲೇಜುಗಳು ಕೊಡುವ ನೆರವು ಬಹುಮಟ್ಟಿಗೆ ಕುಟುಂಬದ ಆದಾಯ ನೋಡಿ ಕೊಡುವಂಥದ್ದು. ಕಾಲೇಜಿನ ಜಾಲತಾಣದಲ್ಲೇ ಲೆಕ್ಕ ಹಾಕುವ ವ್ಯವಸ್ಥೆ ಇರುತ್ತದೆ. ನಾವು ಅಷ್ಟಕ್ಕೇ ಬಿಡದೆ, ಆದಾಯ ತೆರಿಗೆಯ ಕಾಗದಗಳನ್ನು ಕೊಟ್ಟು, ನೆರವಿನ ಕಚೇರಿಯಿಂದಲೇ ಅಂದಾಜು ಬರೆಸಿಕೊಂಡೆವು. ಕೋಚ್ ಮೂಲಕ ಕೇಳಿದರೆ ಇದನ್ನು ಮಾಡಿಕೊಡುತ್ತಾರೆ. ಇನ್ನೊಂದು ಮಾತನ್ನು ನಮ್ಮವರಿಗೆ ಒತ್ತಿ ಹೇಳಬೇಕು. ಗ್ರೀನ್ ಕಾರ್ಡ್ ಸರದಿಯಲ್ಲಿದ್ದು ಮಗು ಎಚ್-4 ವೀಸಾದಲ್ಲಿದ್ದರೆ (ಕೆಲಸದ ವೀಸಾದಲ್ಲಿರುವವರ ಅವಲಂಬಿತರಿಗೆ ಕೊಡುವಂಥದ್ದು), ಇಲ್ಲಿಯೇ ಬೆಳೆದಿದ್ದರೂ ಬಹಳಷ್ಟು ಖಾಸಗಿ ಕಾಲೇಜುಗಳು ನೆರವಿನ ವಿಷಯದಲ್ಲಿ ಅದನ್ನು ವಿದೇಶಿ ವಿದ್ಯಾರ್ಥಿಯಂತೆಯೇ ಕಾಣುತ್ತವೆ. ಈ ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಕೇಳಿ. ಕೋಚ್‌ಗೆ ಉತ್ತರ ಗೊತ್ತಿರುವುದಿಲ್ಲ, ನೆರವಿನ ಕಚೇರಿಯವರಿಗೆ ಗೊತ್ತಿರುತ್ತದೆ.

ಡಿಸೆಂಬರ್‌ನಲ್ಲಿ ಪ್ರವೇಶ ಸಿಕ್ಕಿತು. ಮನೆಯಲ್ಲಿ ಹೋಳಿಗೆ ಮಾಡಿದೆ. ಹೈಸ್ಕೂಲಿನ ಕೊನೆಯ ಋತು ಸೊಗಸಾಗಿ ಕಳೆಯಿತು.

ವಸಂತದಲ್ಲಿ ಕಾಲೇಜಿನ ಆರೋಗ್ಯ ವಿಭಾಗದಿಂದ ಕಾಗದಗಳು ಬರತೊಡಗಿದವು. ನಾನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು, ಹಾಗಾಗಿ ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಎನ್‌ಸಿಎಎ ಅಡಿಯಲ್ಲಿ ಆಡುವ ಹೊಸ ಕ್ರೀಡಾಪಟುಗಳು ವಂಶದಿಂದ ಬರುವ, ಕೆಂಪು ರಕ್ತಕಣಕ್ಕೆ ಸಂಬಂಧಿಸಿದ ಸಿಕಲ್ ಸೆಲ್ ಗುಣ ತಮ್ಮ ರಕ್ತದಲ್ಲಿದೆಯೇ ಇಲ್ಲವೇ ಎಂಬುದಕ್ಕೆ ದಾಖಲೆ ಕೊಡಬೇಕು. 2006ರಲ್ಲಿ ರೈಸ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಹೊಸ ಆಟಗಾರನೊಬ್ಬ ಅಭ್ಯಾಸದ ಓಟದ ನಂತರ ಕುಸಿದು, ಮರುದಿನ ತೀರಿಕೊಂಡ. ಅವನಲ್ಲಿ ಆ ಗುಣವಿದ್ದುದು ಯಾರಿಗೂ ತಿಳಿದಿರಲಿಲ್ಲ. ದಿನನಿತ್ಯದ ಬದುಕಿನಲ್ಲಿ ಏನೂ ತೊಂದರೆ ಕೊಡದ ಈ ಗುಣ, ಬಿಡುವಿಲ್ಲದ ತೀವ್ರ ಶ್ರಮದಲ್ಲಿ ಕೆಂಪು ರಕ್ತಕಣಗಳ ಆಕಾರ ಕೆಡಿಸಿ, ಸ್ನಾಯುಗಳಿಗೆ ರಕ್ತ ಸಾಗದಂತೆ ಮಾಡಬಹುದು. ಇದೆ ಎಂದು ಮೊದಲೇ ತಿಳಿದಿದ್ದರೆ ವಿಶ್ರಾಂತಿ, ನೀರು, ನಿಧಾನವಾಗಿ ಶ್ರಮ ಹೆಚ್ಚಿಸುವ ಕ್ರಮ ಇವುಗಳಿಂದ ಆ ಮಕ್ಕಳು ಸುರಕ್ಷಿತವಾಗಿ ಆಡಬಹುದು. ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಗೆ ನವಜಾತ ಶಿಶುವಿನ ರಕ್ತಪರೀಕ್ಷೆಯಲ್ಲೇ ಇದು ಗೊತ್ತಾಗಿರುತ್ತದೆ. ಮಕ್ಕಳ ವೈದ್ಯರ ಕಚೇರಿಯಿಂದ ಹಳೆಯ ದಾಖಲೆ ತರಿಸಿಕೊಂಡರೆ ಸಾಕು. ಭಾರತದಲ್ಲಿ ಹುಟ್ಟಿದವರು ಒಂದು ಸಣ್ಣ ರಕ್ತಪರೀಕ್ಷೆ ಮಾಡಿಸಬೇಕಾಗುತ್ತದೆ. ಇದನ್ನು ಆಗಸ್ಟ್‌ವರೆಗೆ ಬಿಟ್ಟರೆ, ದಾಖಲೆ ಬರುವ ತನಕ ಮಗು ಐಸಿನ ಮೇಲೆ ಇಳಿಯುವಂತಿಲ್ಲ.

ನಿಷೇಧಿತ ಪದಾರ್ಥಗಳ ಪಟ್ಟಿಯೂ ಬಂತು. ಸಾಗರದಿಂದ ಅತ್ತೆ ಪ್ರತಿ ವರ್ಷ ಪ್ರೀತಿಯಿಂದ ಲೇಹ್ಯ, ಚೂರ್ಣ ಕಳಿಸುತ್ತಾರೆ. ಮಗಳು ಪಟ್ಟಿ ಓದಿ, ತಂಡದ ಟ್ರೇನರ್‌ಗೆ ತೋರಿಸದೆ ಯಾವ ಚೂರ್ಣವನ್ನೂ ಮುಟ್ಟುವುದಿಲ್ಲ ಎಂದು ತಾನೇ ಅಜ್ಜಿಗೆ ಫೋನ್ ಮಾಡಿ ಹೇಳಿದಳು. ಅತ್ತೆ ಬೇಸರಿಸಲಿಲ್ಲ. "ನಿನ್ನ ಶಿಸ್ತು ನಿನಗೆ ದೊಡ್ಡದು ಕೂಸೇ, ಅಪ್ಪೆಮಿಡಿ ಉಪ್ಪಿನಕಾಯಿಗೆ ಅಡ್ಡಿಯಿಲ್ಲ ತಾನೆ?" ಎಂದು ಕೇಳಿದರು.

ಬೇಸಿಗೆಯುದ್ದಕ್ಕೂ ಕಾಲೇಜಿನವರು ಕಳಿಸಿದ ವ್ಯಾಯಾಮದ ಕ್ರಮ ನಡೆಯಿತು. ಗೋಲ್‌ಕೀಪರ್‌ಗಳದ್ದು ಬೇರೆಯೇ ಹಾಳೆ. ಮಂಡಿ ಎರಡನ್ನೂ ಕೂಡಿಸಿ, ಪಾದಗಳನ್ನು ಹೊರಕ್ಕೆ ಚಾಚಿ, ಧಪ್ಪೆಂದು ಐಸಿಗೆ ಬೀಳುವ ಭಂಗಿ ಅವರದ್ದು. ದಿನಕ್ಕೆ ನೂರಾರು ಸಲ ಹಾಗೆ ಬಿದ್ದು ಏಳುವಾಗ ಸೊಂಟದ ಕೀಲು, ತೊಡೆಸಂದಿಯ ಸ್ನಾಯುಗಳಿಗೆ ಎಲ್ಲಿಲ್ಲದ ಹೊರೆ ಬೀಳುತ್ತದೆ. ಹಾಗಾಗಿ ಅವಳ ಹಾಳೆಯಲ್ಲಿ ತೂಕ ಎತ್ತುವುದಕ್ಕಿಂತ ಸೊಂಟ ಸಡಿಲಿಸುವ ವ್ಯಾಯಾಮಗಳೇ ಹೆಚ್ಚು. ಆ ಬೇಸಿಗೆಯ ಆರಂಭದಲ್ಲೇ ಹೊಸ ವೃತ್ತಿಪರ ಮಹಿಳಾ ಲೀಗಿನ ಮೊದಲ ಪ್ರಶಸ್ತಿಯನ್ನು ಮಿನ್ನೆಸೋಟ ತಂಡ ಗೆದ್ದಿತ್ತು. ಆ ಋತುವಿನಲ್ಲಿ ನಿಕೋಲ್ ಹೆನ್ಸ್ಲಿ, ಮ್ಯಾಡಿ ರೂನಿ ಇಬ್ಬರೂ ಆ ತಂಡದ ಗೋಲ್ ಕಾದಿದ್ದರು. ಒಲಿಂಪಿಕ್ಸ್‌ನ ಚಿನ್ನ ಗೆದ್ದು ಬಂದವರೂ ಕೆಲವು ದಿನ ಬೆಂಚಿನಲ್ಲಿ ಕುಳಿತು, ಐಸಿಗೆ ಇಳಿದು ಬರುವ ಆಟಗಾರ್ತಿಯರಿಗಾಗಿ ಬೆಂಚಿನ ಬಾಗಿಲು ತೆರೆದು ಮುಚ್ಚುತ್ತಾರೆ ಎಂಬುದನ್ನು ಮಗಳು ಸೇಂಟ್ ಪಾಲ್‌ನ ಕ್ರೀಡಾಂಗಣದಲ್ಲಿ ಕಣ್ಣಾರೆ ಕಂಡಿದ್ದಳು.

ಆಗಸ್ಟ್ ಕೊನೆಗೆ ಕಾಲೇಜು ಸೇರಿದಳು. ಅಲ್ಲಿ ಮೊದಲ ವಾರವೇ ಹಾಕಿ ಶುರುವಾಗುತ್ತದೆ ಎಂದು ನಾವು ಎಣಿಸಿದ್ದರೆ ಅದು ಹಾಗಲ್ಲ. ಮೊದಲು ವೈದ್ಯರ ತಪಾಸಣೆ, ಆಮೇಲೆ ಕಂಪ್ಯೂಟರ್ ಮುಂದೆ ಕೂರಿಸಿ ಪದಗಳು, ಆಕೃತಿಗಳನ್ನು ತೋರಿಸಿ ನೆನಪಿನ ಪರೀಕ್ಷೆ. ಮುಂದೆ ಎಂದಾದರೂ ತಲೆಗೆ ಪೆಟ್ಟಾದರೆ ಹೋಲಿಸಿ ನೋಡಲು ಆರೋಗ್ಯವಾಗಿದ್ದಾಗಿನ ದಾಖಲೆ ಬೇಕು. ಆಮೇಲೆ ಎರಡು ತಿಂಗಳು ನಾಯಕಿಯರೇ ನಡೆಸುವ ಅಭ್ಯಾಸ. ನೆಸ್ಕ್ಯಾಕ್‌ನಲ್ಲಿ ಚಳಿಗಾಲದ ಆಟಗಳ ಅಧಿಕೃತ ಅಭ್ಯಾಸ ನವೆಂಬರ್ 1ಕ್ಕೆ ಮೊದಲು ಆರಂಭವಾಗುವಂತಿಲ್ಲ.

ಈ ಎರಡು ತಿಂಗಳು ಹೊಸಬರ ಪಾಲಿಗೆ ಬಹಳ ಮುಖ್ಯ. ಕೋಚ್‌ ಇಲ್ಲದ ರಿಂಕಿನಲ್ಲಿ ಯಾರು ಬೇಗ ಬರುತ್ತಾರೆ, ಯಾರು ಕೊನೆಯವರಾಗಿ ಹೋಗುತ್ತಾರೆ ಎಂಬುದನ್ನು ಹಿರಿಯ ಹುಡುಗಿಯರು ಗಮನಿಸುತ್ತಾರೆ. ಮಗಳು ಮೊದಲ ವಾರದಲ್ಲಿ ಹೆದರಿದ್ದಳು. ಹೈಸ್ಕೂಲಿನಲ್ಲಿ ಕಣ್ಣಿಗೆ ಕಾಣುತ್ತಿದ್ದ ಹೊಡೆತ ಇಲ್ಲಿ ಕೋಲಿನಿಂದ ಹೊರಟದ್ದೇ ತಿಳಿಯುತ್ತಿರಲಿಲ್ಲವಂತೆ. "ಅಮ್ಮ, ಅವರು ಪಕ್ಕದವಳಿಗೆ ಪಕ್ ಕೊಡುವಂತೆ ನೋಡಿ ನನ್ನ ಕಡೆಗೆ ಹೊಡೆಯುತ್ತಾರೆ" ಎಂದು ಫೋನಿನಲ್ಲಿ ಹೇಳಿದಳು. ನಾಲ್ಕನೆಯ ವರ್ಷದ ಗೋಲ್‌ಕೀಪರ್, ಎಂದರೆ ಯಾರ ಜಾಗಕ್ಕಾಗಿ ಇವಳು ಕಾಯಬೇಕೋ ಆ ಹುಡುಗಿ, ಅಭ್ಯಾಸ ಮುಗಿದ ಮೇಲೆ ಇವಳನ್ನು ನಿಲ್ಲಿಸಿಕೊಂಡು, ಹೊಡೆಯುವವಳ ಕಣ್ಣನ್ನು ನೋಡಬೇಡ, ಕೋಲಿನ ಅಲಗನ್ನು ನೋಡು ಎಂದು ಹೇಳಿಕೊಟ್ಟಳು. ತನ್ನ ಸ್ಕೇಟ್ ಅಲಗನ್ನು ಎಷ್ಟು ಕಡಿಮೆ ಆಳಕ್ಕೆ ಸಾಣೆ ಹಿಡಿಸುತ್ತೇನೆ ಎಂದೂ ತೋರಿಸಿದಳು. ಅಲಗು ಐಸಿಗೆ ಹೆಚ್ಚು ಕಚ್ಚಿದರೆ ಅಡ್ಡಕ್ಕೆ ಸರಿಯುವುದು ತಡವಾಗುತ್ತದೆ. ಆ ಹುಡುಗಿಯ ತಾಯಿಯನ್ನು ಮುಂದೆ ಭೇಟಿಯಾದಾಗ ನಾನು ಕೈಮುಗಿದೆ.

ನವೆಂಬರ್ 1ರ ಬೆಳಿಗ್ಗೆ ಮಗಳು ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಮೊದಲು ರಾಜ್ಯೋತ್ಸವದ ಶುಭಾಶಯ ಹಾಕಿದಳು. ಅದರ ಹಿಂದೆಯೇ ತನ್ನ ಲಾಕರಿನ ಚಿತ್ರ. ಮೇಲೆ ಅಂಟಿಸಿದ ಪಟ್ಟಿಯಲ್ಲಿ ನಮ್ಮ ಮನೆತನದ ಹೆಸರು, ಒಂದಕ್ಷರವೂ ತಪ್ಪಿಲ್ಲದೆ. ಈ ದೇಶದಲ್ಲಿ ನಮ್ಮ ಹೆಸರು ಸರಿಯಾಗಿ ಬರೆದಿದ್ದನ್ನು ಕಂಡರೆ ನನಗೆ ಈಗಲೂ ಸಂತೋಷವಾಗುತ್ತದೆ.

ಮೂರನೆಯ ಗೋಲ್‌ಕೀಪರ್ ಏನು ಮಾಡುತ್ತಾಳೆ ಎಂಬುದನ್ನು ನಾನು ನೋಡಿದ್ದು ಆ ಚಳಿಗಾಲದಲ್ಲಿ, ಅಭ್ಯಾಸವೊಂದರ ದಿನ ರಿಂಕಿನ ಮೇಲಿನ ಸಾಲಿನಲ್ಲಿ ಕುಳಿತು. ಐಸಿನ ಎರಡೂ ತುದಿಯಲ್ಲಿ ಬಲೆಗಳು. ಇಬ್ಬರೇ ಗೋಲ್‌ಕೀಪರ್‌ಗಳಿದ್ದರೆ ಒಬ್ಬಳಿಗೂ ಉಸಿರಾಡಲು ಬಿಡುವಿಲ್ಲ. ಒಬ್ಬಳು ನೋವಾಗಿ ಕುಳಿತರೆ ಒಂದು ಬಲೆಗೆ ತೂತುಗಳಿರುವ ಬಟ್ಟೆ ಕಟ್ಟಿ ಅಭ್ಯಾಸ ನಡೆಸಬೇಕು. ಬಟ್ಟೆ ಮುಂದಕ್ಕೆ ಬರುವುದಿಲ್ಲ, ಕೋನ ಮುಚ್ಚುವುದಿಲ್ಲ. ಅದರ ಮೇಲೆ ಹೊಡೆದು ಪಳಗಿದವರು ಪಂದ್ಯದಲ್ಲಿ ತಡವರಿಸುತ್ತಾರೆ. ಅಂದು ಎರಡನೆಯ ಗೋಲ್‌ಕೀಪರ್‌ಗೆ ಜ್ವರ. ಮಗಳು ಇಡೀ ಅಭ್ಯಾಸ ಒಂದು ತುದಿಯ ಬಲೆಯನ್ನು ಒಬ್ಬಳೇ ಕಾದಳು. ಎಲ್ಲ ಮುಗಿದ ಮೇಲೂ ಮುನ್ನಡೆಯ ಇಬ್ಬರು ಹುಡುಗಿಯರು ಇನ್ನಷ್ಟು ಹೊಡೆಯಬೇಕೆಂದರು, ಇವಳು ನಿಂತಳು. ಅವರಲ್ಲೊಬ್ಬಳು ಎಡ ಭುಜದ ಮೇಲಿನ ಮೂಲೆಗೆ ಮತ್ತೆ ಮತ್ತೆ ಗುರಿಯಿಟ್ಟಳು. ಇವಳು ಕೆಲವನ್ನು ಹಿಡಿದಳು, ಹೆಚ್ಚಿನವು ಒಳಗೆ ಹೋದವು. ಶನಿವಾರದ ಪಂದ್ಯದಲ್ಲಿ ಅದೇ ಹುಡುಗಿ ಅದೇ ಮೂಲೆಗೆ ಗೋಲ್ ಹೊಡೆದಾಗ ಬೆಂಚಿನ ಬಳಿ ಯಾರನ್ನು ತೋರಿಸಿದಳು ಎಂದು ಎಲ್ಲರೂ ತಿರುಗಿ ನೋಡಿದರು. ಅವಳು ತೋರಿಸಿದ್ದು ಮೇಲೆ, ತಂಡದ ಕೋಟು ಧರಿಸಿ ಅಂಕಿಅಂಶ ಬರೆಯುತ್ತ ಕುಳಿತಿದ್ದ ನಮ್ಮ ಮಗಳನ್ನು. ಅಣ್ಣ ಮತ್ತೆ ಸ್ಕಾಲರ್‌ಶಿಪ್ ಬಗ್ಗೆ ಕೇಳಲಿಲ್ಲ, ಆದರೆ ಕೇಳುವ ಉಳಿದವರಿಗೆ ನಾನು ಈಗ ಹೇಳುವುದು ಈ ಶನಿವಾರದ ವಿಷಯವನ್ನೇ.

ಈಗ ಅವಳು ಎರಡನೆಯ ವರ್ಷದಲ್ಲಿದ್ದಾಳೆ. ಹಿರಿಯಳು ಕಾಲೇಜು ಮುಗಿಸಿ ಹೋದಳು. ಇವಳು ಎರಡನೆಯ ಸ್ಥಾನಕ್ಕೆ ಬಂದು, ಪಂದ್ಯದ ದಿನ ಕವಚ ತೊಟ್ಟು ಬೆಂಚಿನ ತುದಿಯಲ್ಲಿ ನಿಲ್ಲುತ್ತಾಳೆ. ಕಳೆದ ತಿಂಗಳು ಹೈಸ್ಕೂಲಿನ ಒಬ್ಬ ಹುಡುಗಿ ಕಾಲೇಜು ನೋಡಲು ಬಂದಿದ್ದಳಂತೆ, ಅವಳೂ ಗೋಲ್‌ಕೀಪರ್. ಕ್ಯಾಂಪಸ್ ಸುತ್ತಾಡಿಸುವ ಹೊಣೆಯನ್ನು ಕೋಚ್ ನಮ್ಮವಳಿಗೇ ಕೊಟ್ಟರು. ಮುಂದೆ ತನ್ನ ಜಾಗಕ್ಕೇ ಸ್ಪರ್ಧಿಯಾಗಬಹುದಾದವಳಿಗೆ ಏನು ಹೇಳಿದೆ ಎಂದು ಕೇಳಿದೆ. "ನಮ್ಮಲ್ಲಿ ಯಾರು ಯಾವ ವರ್ಷ ಮುಗಿಸುತ್ತೇವೆ ಎಂದು ಬರೆದು ಕೊಟ್ಟೆ ಅಮ್ಮ. ಆಮೇಲೆ ಗೋಲ್‌ಕೀಪರ್‌ಗಳ ಕೋಚ್ ಯಾವ ದಿನ ಬರುತ್ತಾರೆ ಎಂದು ಕೇಳಿದಳು, ಅದನ್ನೂ ಹೇಳಿದೆ. ಚೆನ್ನಾಗಿ ಆಡುತ್ತಾಳೆ, ಬಂದರೆ ತಂಡಕ್ಕೆ ಒಳ್ಳೆಯದು" ಎಂದಳು. ಆ ಹುಡುಗಿ ಅರ್ಜಿ ಹಾಕಿದ್ದಾಳೆ. ಡಿಸೆಂಬರ್‌ನಲ್ಲಿ ತಿಳಿಯುತ್ತದೆ.